ಬೇಸ್ ಗಿಟಾರ್: ಬಣ್ಣ ಆಮೇಲೆ, ಮೊದಲು ಕೈ ಅಳತೆ

ಬ್ಯಾಂಡಿಗೆ ಬೇಸ್ ತಗೋಬೇಕು ಅನ್ನೋರು ಮೊದಲು ಸ್ಕೇಲ್ ಲೆಂತ್ ನೋಡ್ರಿ. ಅಂದ್ರೆ ನಟ್‌ನಿಂದ ಬ್ರಿಜ್‌ವರೆಗೆ ಕಂಪಿಸುವ ತಂತಿಯ ಉದ್ದ. ಸಾಮಾನ್ಯವಾಗಿ ಇದು 34 ಇಂಚು, ಶಾರ್ಟ್ ಸ್ಕೇಲ್‌ನಲ್ಲಿ 30.

ನಾಲ್ಕೇ ಇಂಚು ಅನ್ಬೇಡ್ರಿ. ಒಂದನೇ ಫ್ರೆಟ್‌ನಿಂದ ನಾಲ್ಕನೇ ಫ್ರೆಟ್‌ಗೆ 34ರಲ್ಲಿ ಸುಮಾರು 13 ಸೆಂ.ಮೀ., 30ರಲ್ಲಿ ಸುಮಾರು 11.5. ಟೆನ್ಶನ್ ಉದ್ದದ ವರ್ಗಕ್ಕೆ ಅನುಪಾತದಲ್ಲಿರುತ್ತೆ. ಹಾಗಾಗಿ ಅದೇ ತಂತಿ, ಅದೇ ಸ್ವರಕ್ಕೆ ಬಿಗಿತ ಸುಮಾರು 22% ಕಡಿಮೆ. ಸಣ್ಣ ಕೈಯವರಿಗೆ ಆರಾಮ. ಆದ್ರೆ ಜೋರಾಗಿ ಮೀಟೋರಿಗೆ ಇ ತಂತಿ ಸಡಿಲ ಅನ್ನಿಸಬಹುದು. ಇದು ಮಕ್ಕಳ ಆಟಿಕೆ ಅಲ್ಲ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಯ ಹಾಫ್ನರ್ ಕೂಡ ಶಾರ್ಟ್ ಸ್ಕೇಲೇ.

34 ಇಂಚೇ ಬೇಕು, ಆದ್ರೆ ಬೆರಳು ಗಿಡ್ಡ ಅಂದ್ರೆ ತೆಳು ನೆಕ್ ಆರಿಸ್ರಿ. ಜಾಝ್ ಬೇಸ್‌ನ ನಟ್ ಸುಮಾರು 38 ಮಿ.ಮೀ., ಪ್ರಿಸಿಷನ್ ಬೇಸ್‌ನದ್ದು 41ರಿಂದ 44. ಸ್ಲ್ಯಾಪ್ ಮಾಡೋರು ಬ್ರಿಜ್ ಹತ್ರ ತಂತಿಗಳ ನಡುವೆ ಹೆಬ್ಬೆರಳಿಗೆ ಜಾಗ ಐತೇನು ನೋಡ್ರಿ.

ಸ್ಟ್ರ್ಯಾಪ್ ಹಾಕಿ ನಿಂತು ಎಡಗೈ ಬಿಡ್ರಿ. ತಲೆ ಕೆಳಗೆ ವಾಲಿದ್ರೆ ಆ ಭಾರವನ್ನ ಇಡೀ ಪ್ರೋಗ್ರಾಮ್ ನಿಮ್ಮ ಎಡಗೈಯೇ ಹೊರಬೇಕು. ಇಳಕಲ್, ಹುನಗುಂದ, ಬದಾಮಿಯಿಂದ ಬಾಗಲಕೋಟೆಗೆ ದಿನಾ ಬಸ್ಸಲ್ಲಿ ಬರೋರು ತೂಕವನ್ನೂ ಲೆಕ್ಕ ಹಾಕ್ರಿ: ನಾಲ್ಕು ಕಿಲೋ ಹೆಗಲಿಗೆ ಕಡಿಮೆ ಅಲ್ಲ.

ಆರ್ಡರ್ ಮಾಡೋ ಮುಂಚೆ ಗೆಳೆಯರದ್ದು ಇಸ್ಕೊಂಡು ಅರ್ಧ ಗಂಟೆ ನುಡಿಸ್ರಿ. ಮಣಿಕಟ್ಟು ನೋಯ್ತು ಅಂದ್ರೆ ಸ್ಟ್ರ್ಯಾಪ್ ಎತ್ತರ ಬದಲಿಸಿ ನೋಡ್ರಿ. ಆಗಲೂ ನೋಯ್ತಂದ್ರೆ ಆ ಬೇಸ್ ನಿಮ್ಮದಲ್ಲ.