ಯಕೃತ್ತಿನ ಅರ್ಬುದ ಮತ್ತು ಕಿರಣಚಿಕಿತ್ಸೆಯ ಉಪದ್ರವಗಳು

ದೊಡ್ಡಬಳ್ಳಾಪುರ, ಹೊಸಕೋಟೆಗಳ ಕಡೆಯ ಹಳ್ಳಿಗಳಲ್ಲಿ ಕಿರಣಚಿಕಿತ್ಸೆಯನ್ನು ‘ಕರೆಂಟು ಕೊಡಿಸುವುದು’ ಎಂದು ಕರೆಯುವುದನ್ನು ನಾವು ಕೇಳಿದ್ದೇವೆ. ಈ ಮಾತಿನ ಹಿಂದೆ ಎರಡು ಭಯಗಳಿವೆ. ಕಿರಣವು ರೋಗಿಯ ಒಡಲನ್ನು ಸುಡುವುದೆಂಬುದು ಒಂದು. ರೋಗಿಯ ಮೈಯಿಂದ ಅದು ಮನೆಯ ಮಕ್ಕಳಿಗೆ ತಗಲುವುದೆಂಬುದು ಇನ್ನೊಂದು. ಯಕೃತ್ತಿನ, ಎಂದರೆ ಪಿತ್ತಜನಕಾಂಗದ, ಅರ್ಬುದವನ್ನೇ ಉದಾಹರಣೆಯಾಗಿಟ್ಟುಕೊಂಡು ಇವುಗಳನ್ನು ಪರೀಕ್ಷಿಸೋಣ.

ಈ ಭಾಗದ ರೋಗಿಗಳಿಗೆ ಚಿರಪರಿಚಿತವಾದುದು ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ. ಇಂತಹ ಆಸ್ಪತ್ರೆಗಳಲ್ಲಿ ವೇಗವರ್ಧಕ ಯಂತ್ರವು ಪ್ರಬಲವಾದ ಕ್ಷ-ಕಿರಣಗಳನ್ನು ಹೊರಗಿನಿಂದ ಹಾಯಿಸುತ್ತದೆ. ದೇಹದೊಳಕ್ಕೆ ವಿದ್ಯುತ್ತು ಹರಿಯುವುದಿಲ್ಲ. ದೀಪವನ್ನು ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ, ಯಂತ್ರ ನಿಂತ ಮೇಲೆ ರೋಗಿಯಲ್ಲಿ ಕಿರಣವು ಉಳಿಯದು. ಆದುದರಿಂದ ಮಕ್ಕಳನ್ನು ದೂರವಿಡಬೇಕಾಗಿಲ್ಲ. ವಿಕಿರಣಶೀಲ ಕಣಗಳನ್ನು ರಕ್ತನಾಳದ ಮೂಲಕ ಯಕೃತ್ತಿನೊಳಗೇ ಸೇರಿಸುವ ಚಿಕಿತ್ಸೆ ಬೇರೆ. ಅದಕ್ಕೆ ಕೆಲವು ದಿನಗಳ ಎಚ್ಚರಿಕೆಯನ್ನು ವೈದ್ಯರೇ ಹೇಳುತ್ತಾರೆ.

ಇನ್ನು ಸುಡುವ ಮಾತು. ಒಂದು ಕಿಲೋಗ್ರಾಂ ಪದಾರ್ಥವು ಒಂದು ಜೌಲ್ ಶಕ್ತಿಯನ್ನು ಹೀರಿದರೆ ಅದನ್ನು ಒಂದು ‘ಗ್ರೇ’ ಎನ್ನುತ್ತೇವೆ. ಒಂದೂವರೆ ಕಿಲೋಗ್ರಾಂ ತೂಕದ ಯಕೃತ್ತಿಗೆ 2 ಗ್ರೇ ಕೊಟ್ಟರೆ ಒಟ್ಟು 3 ಜೌಲ್. ಒಂದು ಕಿಲೋಗ್ರಾಂ ಬೆಲ್ಲವನ್ನು ಒಂದು ಅಡಿ ಎತ್ತಲು ಬೇಕಾಗುವಷ್ಟು ಶಕ್ತಿ! ಉಷ್ಣತೆಯು ಒಂದು ಡಿಗ್ರಿಯ ಸಾವಿರದ ಒಂದು ಪಾಲಿನಷ್ಟೂ ಏರದು. ಹಾಗಾದರೆ ಉಪದ್ರವವೇಕೆ? ಕಿರಣವು ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು, ಜೀವಕೋಶದ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ. ಆರೋಗ್ಯವಂತ ಕೋಶಗಳು ಈ ಗಾಯವನ್ನು ಹೆಚ್ಚು ಚೆನ್ನಾಗಿ ದುರಸ್ತಿಮಾಡಿಕೊಳ್ಳಬಲ್ಲವು. ಚಿಕಿತ್ಸೆಯನ್ನು ಹಲವು ಕಂತುಗಳಲ್ಲಿ ಕೊಡುವುದಕ್ಕೆ ಇದೊಂದು ಮುಖ್ಯ ಕಾರಣ.

ಇಡೀ ಯಕೃತ್ತು ಕಂತುಗಳಲ್ಲಿ ಸುಮಾರು 30 ಗ್ರೇಗಳನ್ನು ಮಾತ್ರ ತಾಳಬಲ್ಲದು. ಗಂತಿಯ ನಾಶಕ್ಕೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಬೇಕು. ಆದುದರಿಂದ ಹಲವು ದಿಕ್ಕುಗಳಿಂದ ಬರುವ ಕಿರಣಗಳು ಗಂತಿಯಲ್ಲಿಯೇ ಸಂಧಿಸುವಂತೆ ಗುರಿಯಿಡುತ್ತಾರೆ. ಆದರೆ ಯಕೃತ್ತು ಉಸಿರಿನೊಡನೆ ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಸರಿಯುತ್ತದೆ! ಮೇಲಾಗಿ ಹಲವರ ಯಕೃತ್ತು ಕಾಮಾಲೆಯ ವೈರಸ್ಸಿನಿಂದಲೋ ಮದ್ಯದಿಂದಲೋ ಮೊದಲೇ ಗಡುಸಾಗಿರುತ್ತದೆ. ಅಂಥವರ ಸಹನಶಕ್ತಿ ಇನ್ನೂ ಕಡಿಮೆ.

ಆಯಾಸ, ವಾಕರಿಕೆ, ಬಾಯಿರುಚಿ ಕೆಡುವುದು, ಚರ್ಮ ಕೆಂಪಾಗುವುದು—ಇವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಇಳಿಯುತ್ತವೆ. ನೆರೆಯಲ್ಲಿರುವ ಜಠರ ಮತ್ತು ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣಾಗುವುದೂ ಉಂಟು. ಗಂಭೀರವಾದುದು ತಡವಾಗಿ ಬರುತ್ತದೆ. ಚಿಕಿತ್ಸೆ ಮುಗಿದ ಎರಡು ವಾರಗಳಿಂದ ನಾಲ್ಕು ತಿಂಗಳೊಳಗೆ ಯಕೃತ್ತಿನ ಕಿರುಸಿರೆಗಳು ಕಟ್ಟಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬರಿಸಬಹುದು. ಯಕೃತ್ತಿನ ಒಂದು ಭಾಗಕ್ಕೆ ಮಾತ್ರ ಕಿರಣ ಬೀಳುವಂತೆ ಮಾಡುವ ಇಂದಿನ ಕ್ರಮಗಳಿಂದ ಇದು ವಿರಳವಾಗಿದೆ. ಕಾಣಿಸಿಕೊಂಡರೆ, ‘ಚಿಕಿತ್ಸೆ ಮುಗಿಯಿತಲ್ಲ, ಇದು ಅಜೀರ್ಣ’ ಎಂದು ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಮರಳಬೇಕು.

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್. ದಿನವೂ ಹೋಗಿಬರುವ ರೋಗಿಗೆ ದಣಿವಾದಾಗ ಚಿಕಿತ್ಸೆಯನ್ನು ತಾನಾಗಿಯೇ ಬಿಡುವ ಮನಸ್ಸಾಗುವುದು ಸಹಜ. ಆಗ ಆ ದಣಿವನ್ನು ವೈದ್ಯರಿಗೆ ತಿಳಿಸುವುದೇ ಸರಿಯಾದ ಮಾರ್ಗ. ಮನೆಯವರು ಪಕ್ಕದಲ್ಲಿ ಕುಳಿತು ಕೈಹಿಡಿಯುವುದರಿಂದ ಯಾರಿಗೂ ಯಾವ ಅಪಾಯವೂ ಇಲ್ಲ.