ಬೇವಿನ ಬೀಜ ಸಂಗ್ರಹಣೆ: ಸೂಕ್ತ ಕಾಲ ಮತ್ತು ಕ್ರಮ

ಸಿರವಾರ, ಮಾನ್ವಿ ಹಾಗೂ ದೇವದುರ್ಗ ಭಾಗದ ಹೊಲಗಳ ಬದುಗಳಲ್ಲಿ ಬೇವು ಸಹಜವಾಗಿ ಬೆಳೆಯುವ ಮರ. ಯುಗಾದಿಯ ಆಸುಪಾಸಿನಲ್ಲಿ ಹೂ ಬಿಡುವ ಬೇವು ಮೃಗಶಿರಾ, ಆರಿದ್ರಾ ಮಳೆಗಳ ವೇಳೆಗೆ, ಅಂದರೆ ಜೂನ್-ಜುಲೈ ತಿಂಗಳಲ್ಲಿ, ಹಣ್ಣಾಗುತ್ತದೆ. ಇದೇ ಸಮಯದಲ್ಲಿ ಬಿತ್ತನೆ ಕೆಲಸಗಳೂ ಇರುವುದರಿಂದ ಸಂಗ್ರಹಣೆ ತಡವಾಗಿ, ಬೀಜದ ಗುಣಮಟ್ಟ ಕುಸಿಯುತ್ತದೆ.

ಯಾವಾಗ ಸಂಗ್ರಹಿಸಬೇಕು?

ಕಾಯಿ ಹಸಿರು ಬಣ್ಣದಿಂದ ಹಳದಿಗೆ ತಿರುಗುವ ಹಂತವೇ ಸೂಕ್ತ. ಹಸಿರು ಕಾಯಿಯಲ್ಲಿ ಭ್ರೂಣ ಪೂರ್ಣ ಬಲಿತಿರುವುದಿಲ್ಲ. ನೆಲಕ್ಕೆ ಬಿದ್ದು ತೇವದಲ್ಲಿ ಉಳಿದ ಹಣ್ಣಿಗೆ ಶಿಲೀಂಧ್ರ ತಗಲುತ್ತದೆ. ಆದ್ದರಿಂದ ಮರದ ಕೆಳಗೆ ಬಟ್ಟೆ ಅಥವಾ ತಾಡಪಾಲು ಹಾಸಿ, ಕೊಂಬೆಗಳನ್ನು ಮೆಲ್ಲಗೆ ಅಲುಗಿಸಿ ಹಣ್ಣು ಉದುರಿಸಿರಿ.

ಸಂಸ್ಕರಣೆ

• ಹಣ್ಣುಗಳನ್ನು ರಾಶಿ ಹಾಕಬಾರದು. ತಿರುಳು ಹುಳಿತು ಶಾಖ ಹೆಚ್ಚಿ ಭ್ರೂಣ ಸಾಯುತ್ತದೆ.
• ಒಂದೆರಡು ದಿನಗಳೊಳಗೆ ನೀರಿನಲ್ಲಿ ಉಜ್ಜಿ ತಿರುಳು ತೆಗೆಯಿರಿ. ತೇಲುವ ಜೊಳ್ಳು ಬೀಜಗಳನ್ನು ಬೇರ್ಪಡಿಸಿರಿ.
• ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸಿರಿ.
• ಪ್ಲಾಸ್ಟಿಕ್ ಚೀಲ ಬೇಡ. ಗಾಳಿಯಾಡುವ ಗೋಣಿಚೀಲ ಅಥವಾ ಬುಟ್ಟಿ ಬಳಸಿರಿ.

ಸಸಿ ಬೆಳೆಸಲು

ಬೇವಿನ ಬೀಜದ ಮೊಳಕೆ ಶಕ್ತಿ ಸಾಮಾನ್ಯ ಸಂಗ್ರಹಣೆಯಲ್ಲಿ ಕೆಲವೇ ವಾರ ಉಳಿಯುತ್ತದೆ. ಜೋಳ, ತೊಗರಿಯಂತೆ ಮುಂದಿನ ವರ್ಷಕ್ಕೆ ಕಾಯ್ದಿಡಲಾಗದು. ಸಂಗ್ರಹಿಸಿದ ಎರಡು ವಾರಗಳೊಳಗೆ ಬಿತ್ತುವುದು ಕ್ಷೇಮ. ಬಿತ್ತುವ ಮುನ್ನ ಹತ್ತಾರು ಬೀಜಗಳನ್ನು ಸೀಳಿ ನೋಡಿರಿ: ಬೀಜದಳ ಹಸಿರಾಗಿದ್ದರೆ ಜೀವವಿದೆ; ಕಂದು ಬಣ್ಣಕ್ಕೆ ತಿರುಗಿದ್ದರೆ ಅಂತಹ ಬೀಜವನ್ನು ನರ್ಸರಿಗೆ ಬಳಸಬೇಡಿರಿ.

ಕಷಾಯಕ್ಕಾಗಿ

ಕೀಟನಾಶಕ ಕಷಾಯಕ್ಕೆ ಮೊಳಕೆ ಶಕ್ತಿ ಮುಖ್ಯವಲ್ಲ. ತಿರುಳಿನಲ್ಲಿರುವ ಅಜಾಡಿರಾಕ್ಟಿನ್ ಮುಖ್ಯ. ಬೂಸು ಹಿಡಿಯದಂತೆ ಚೆನ್ನಾಗಿ ಒಣಗಿದ, 3 ರಿಂದ 8 ತಿಂಗಳು ಹಳೆಯದಾದ ಬೀಜ ಇದಕ್ಕೆ ಯೋಗ್ಯ. ಜುಲೈನಲ್ಲಿ ಕೂಡಿಟ್ಟ ಬೀಜ, ತೊಗರಿ ಹೂ-ಕಾಯಿ ಹಂತದಲ್ಲಿ ಕಾಯಿಕೊರಕ ಕಾಣಿಸಿಕೊಳ್ಳುವ ನವೆಂಬರ್ ವೇಳೆಗೆ ಸರಿಯಾಗಿ ಒದಗುತ್ತದೆ. ಶೇ. 5 ರ ಕಷಾಯಕ್ಕೆ 5 ಕಿ.ಗ್ರಾಂ ಬೀಜದ ತಿರುಳಿನ ಪುಡಿಯನ್ನು 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ದ್ರಾವಣ ಬೆರೆಸಿ, ಒಟ್ಟು 100 ಲೀಟರ್ ಆಗುವಂತೆ ನೀರು ಸೇರಿಸಿರಿ. ಬಿಸಿಲಿಗೆ ಇದರ ಸತ್ವ ಬೇಗ ಕುಂದುವುದರಿಂದ ಸಂಜೆ ಸಿಂಪಡಿಸಿರಿ. ಸಿದ್ಧಪಡಿಸಿದ ಕಷಾಯವನ್ನು ಅಂದೇ ಬಳಸಿರಿ.

ಆದುದರಿಂದ ಸಂಗ್ರಹಿಸಿದ ದಿನವೇ ಬೀಜವನ್ನು ಎರಡು ಪಾಲು ಮಾಡಿ, ಚೀಲದ ಮೇಲೆ ದಿನಾಂಕ ಬರೆದಿಡಿರಿ: ಒಂದು ಪಾಲು ಕೂಡಲೇ ಸಸಿಮಡಿಗೆ, ಇನ್ನೊಂದು ಹಿಂಗಾರಿನ ಸಸ್ಯ ಸಂರಕ್ಷಣೆಗೆ.