ದೂರದ ಗಣಕಯಂತ್ರ, ಹತ್ತಿರದ ಹೊಣೆ

ಸುರಪುರದ ಟೇಲರ್ ಮಂಜಿಲನ್ನು ಕಂಡವರಿಗೆ ಒಂದು ವಿಚಾರ ಹೊಳೆಯದಿರದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮೆಡೋಸ್ ಟೇಲರ್ ಅಲ್ಲಿದ್ದು ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದಾಗ ಹೈದರಾಬಾದಿನಿಂದ ಒಂದು ಆದೇಶ ಬರಲು ದಿನಗಳೇ ಹಿಡಿಯುತ್ತಿದ್ದವು. ದೂರದಿಂದ ಆಡಳಿತ ನಡೆಸುವುದೆಂದರೆ ನಂಬಿಕೆಗೆ ಅರ್ಹನಾದ ಒಬ್ಬನನ್ನು ಸ್ಥಳದಲ್ಲಿ ಇರಿಸುವುದೆಂದೇ ಅರ್ಥವಾಗಿದ್ದಿತು. ಇಂದು ಅದೇ ಊರಿನ ಕಚೇರಿಯ ಗಣಕಯಂತ್ರವನ್ನು ಬೆಂಗಳೂರಿನಲ್ಲಿ ಕುಳಿತವರು ಕ್ಷಣಾರ್ಧದಲ್ಲಿ ತೆರೆದು ನೋಡಬಲ್ಲರು. ದೂರವೇನೋ ಅಳಿಯಿತು, ಆದರೆ ನಂಬಿಕೆಯ ಪ್ರಶ್ನೆ ಅಳಿಯಿತೇ?

ನಮ್ಮ ಭಾಗದ ರೈತಬಾಂಧವರಿಗೆ ಈ ಪ್ರಶ್ನೆ ಹೊಸದಲ್ಲ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಇನ್ನೂ ಗುಲಬರ್ಗಾ ಜಿಲ್ಲೆಯಲ್ಲಿದ್ದ ಕಾಲದಲ್ಲಿಯೇ, ಎಂದರೆ 2000ದ ನಂತರದ ಮೊದಲ ವರ್ಷಗಳಲ್ಲಿ, ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು 'ಭೂಮಿ' ಯೋಜನೆಯಡಿ ಗಣಕಯಂತ್ರವನ್ನು ಸೇರಿದವು. ಮೊದಲು ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇದ್ದಿತು. ಮುಂದೆ ರಾಜ್ಯವ್ಯಾಪಿ ಜಾಲವು ರಾಜ್ಯ, ಜಿಲ್ಲೆ, ತಾಲ್ಲೂಕು ಕೇಂದ್ರಗಳನ್ನು ಬೆಸೆದ ಮೇಲೆ ಅದು ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಸಾಗಿತು. 2010ರಲ್ಲಿ ಈ ಮೂರು ತಾಲ್ಲೂಕುಗಳು ಸೇರಿ ಪ್ರತ್ಯೇಕ ಯಾದಗಿರಿ ಜಿಲ್ಲೆಯಾದವು.

ಆ ಯೋಜನೆಯಲ್ಲಿ ನಾವು ಗಮನಿಸಬೇಕಾದ ಅಂಶ ಯಂತ್ರದ ವೇಗವಲ್ಲ. ನೌಕರನು ಯಂತ್ರವನ್ನು ತೆರೆಯಬೇಕಾದರೆ ತನ್ನ ಬೆರಳಿನ ಗುರುತನ್ನು ಕೊಡಬೇಕಾಗಿದ್ದಿತು. ಒಬ್ಬರ ಹೊಲ ಇನ್ನೊಬ್ಬರ ಹೆಸರಿಗೆ ಹೋದರೆ 'ನಾನಲ್ಲ, ಬೇರೆಯವರು ಮಾಡಿದ್ದು' ಎಂದು ನುಣುಚಿಕೊಳ್ಳಲು ಎಡೆಯಿಲ್ಲದಂತೆ ಮಾಡಿದ ಏರ್ಪಾಡು ಅದು. ಯಂತ್ರ ಎಷ್ಟೇ ದೂರವಿರಲಿ, ಮಾಡಿದವನ ಹೆಸರು ಕೆಲಸದ ಜೊತೆಯಲ್ಲಿಯೇ ಇರಬೇಕೆಂಬುದು ಇದರ ತಿರುಳು.

ಈಗ ನಮ್ಮ ನಡುವಿನ ಸಂಸ್ಥೆಗಳತ್ತ ದೃಷ್ಟಿ ಹಾಯಿಸೋಣ. ಯಾದಗಿರಿಯಲ್ಲಿ ಮುಖ್ಯ ಕಚೇರಿ, ಶಹಾಪುರ ಮತ್ತು ಸುರಪುರಗಳಲ್ಲಿ ಶಾಖೆಗಳಿರುವ ಒಂದು ಪತ್ತಿನ ಸಹಕಾರಿ ಸಂಘವನ್ನೋ ವಿದ್ಯಾಸಂಸ್ಥೆಯನ್ನೋ ಊಹಿಸಿಕೊಳ್ಳಿರಿ. ಲೆಕ್ಕಪತ್ರದ ಯಂತ್ರದಲ್ಲಿ ವಿಂಡೋಸ್, ಕಡತಗಳನ್ನು ಕಾಯುವ ಸರ್ವರಿನಲ್ಲಿ ಲಿನಕ್ಸ್, ಮೂಲೆಯಲ್ಲಿ ದಾನಿಗಳು ಕೊಟ್ಟ ಹಳೆಯ ಯಂತ್ರ. ಗಣಕಯಂತ್ರ ಬಲ್ಲವನು ಒಬ್ಬನೇ. ಸುರಪುರದಲ್ಲಿ ಯಂತ್ರ ಮುನಿಸಿಕೊಂಡರೆ ಆತ ಬಸ್ಸು ಹಿಡಿದು ಹೋಗುವಷ್ಟರಲ್ಲಿ, ಠೇವಣಿ ಹಿಂಪಡೆಯಲು ಬಂದ ವೃದ್ಧೆಯ ಅರ್ಧ ದಿನ ಕಳೆದಿರುತ್ತದೆ. ದೂರನಿರ್ವಹಣೆಯ ಅವಶ್ಯಕತೆ ಇಲ್ಲಿಯೇ ಹುಟ್ಟುತ್ತದೆ.

ಭಿನ್ನ ಜಾತಿಯ ಯಂತ್ರಗಳನ್ನು ಕೂಡಿಸುವ ಸಾಧನಗಳು ಇಂದು ಹೇರಳವಾಗಿವೆ. 1995ರಲ್ಲಿ ಫಿನ್ಲೆಂಡಿನ ವಿಶ್ವವಿದ್ಯಾಲಯವೊಂದರ ಜಾಲದಲ್ಲಿ ಗುಪ್ತಪದಗಳನ್ನು ಕದ್ದಾಲಿಸಿದ ಪ್ರಕರಣ ನಡೆದಾಗ, ಅಲ್ಲಿಯ ಟಾಟು ಯೂಲೋನೆನ್ ಎಂಬವರು ಎಸ್‌ಎಸ್‌ಎಚ್ ಎಂಬ ವಿಧಾನವನ್ನು ರೂಪಿಸಿದರು. ಎರಡು ಯಂತ್ರಗಳ ನಡುವಿನ ಮಾತೆಲ್ಲವೂ ಗೂಢಲಿಪಿಯಲ್ಲಿ ಸಾಗುವುದೇ ಇದರ ವಿಶೇಷ. ಲಿನಕ್ಸಿನಲ್ಲಿ ಬೇರೂರಿದ ಈ ಸಾಧನ ಇಂದು ವಿಂಡೋಸಿನಲ್ಲಿಯೂ ದೊರೆಯುತ್ತದೆ. ದೂರದ ಪರದೆಯನ್ನೇ ಕಾಣಬೇಕಾದರೆ ವಿಎನ್‌ಸಿ ಎರಡೂ ಕಡೆ ನಡೆಯುತ್ತದೆ. ವಿಂಡೋಸಿನದೇ ಆದ ರಿಮೋಟ್ ಡೆಸ್ಕ್‌ಟಾಪ್ ಇದೆಯಾದರೂ ಅದರ 'ಹೋಮ್' ಆವೃತ್ತಿಯ ಯಂತ್ರವನ್ನು ಆ ಮೂಲಕ ಹೊರಗಿನಿಂದ ನಡೆಸಲು ಬರುವುದಿಲ್ಲ; ಕೊಳ್ಳುವ ಮೊದಲೇ ಇದನ್ನು ವಿಚಾರಿಸುವುದು ಒಳಿತು. ಕಡತಗಳನ್ನು ಹಂಚಿಕೊಳ್ಳಲು ಸಾಂಬಾ ಎಂಬ ಉಚಿತ ತಂತ್ರಾಂಶವಿದೆ.

ಕನ್ನಡಿಗರಾದ ನಮಗೆ ಇನ್ನೊಂದು ತೊಡಕುಂಟು. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದ ಪತ್ರವನ್ನು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದರೆ ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಹಳೆಯ ನಡಾವಳಿ ಪತ್ರಗಳನ್ನು ಈಗಲೇ ಪರಿವರ್ತಿಸಿಡುವುದು ಜಾಣತನ.

ಸಾಧನಕ್ಕಿಂತ ಶಿಸ್ತು ಮುಖ್ಯ. ಅನೇಕ ಕಚೇರಿಗಳಲ್ಲಿ ಒಂದೇ ಗುಪ್ತಪದವನ್ನು ಎಲ್ಲರೂ ಬಳಸುವರು. ಅದನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿರುವುದೂ ಉಂಟು. ತಿಜೋರಿಯ ಕೀಲಿಯನ್ನು ಬಾಗಿಲಿಗೇ ನೇತುಹಾಕುವವರು ಯಾರಾದರೂ ಇರುವರೇ? ಪ್ರತಿಯೊಬ್ಬನಿಗೂ ಅವನದೇ ಹೆಸರು, ಅವನದೇ ಗುಪ್ತಪದ ಇರಲಿ. ಕೆಲಸ ಬಿಟ್ಟು ಹೋದವನ ಪ್ರವೇಶವನ್ನು ಅಂದೇ ಮುಚ್ಚಿರಿ. ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡದೆ, ಗುಪ್ತ ಸುರಂಗದಂತಿರುವ ವಿಪಿಎನ್ ಮೂಲಕ ಮಾತ್ರ ಒಳಬರುವಂತೆ ಮಾಡಿರಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ತಯಾರಕರ ಸಾಮಾನ್ಯ ಬೆಂಬಲ ಮುಗಿದಿದೆ. ಅಂಥ ಯಂತ್ರಗಳಲ್ಲಿ ಲೆಕ್ಕಪತ್ರವನ್ನಿಡುವುದು ಬಿರುಕುಬಿಟ್ಟ ಗೋಡೆಯ ಮನೆಯಲ್ಲಿ ಧಾನ್ಯವನ್ನಿಟ್ಟಂತೆ. ದಿನದ ಲೆಕ್ಕದ ಪ್ರತಿಯೊಂದು ಜಾಲದಿಂದ ಹೊರಗೆ, ಬೇರೆ ಊರಿನಲ್ಲಿರಲಿ.

ಈ ಮಾತು ಮನೆಗೂ ಅನ್ವಯಿಸುತ್ತದೆ. ಬೆಂಗಳೂರಿನಲ್ಲಿರುವ ಮಗ ಶಹಾಪುರದ ತಂದೆಯ ಫೋನಿನ ಪರದೆಯನ್ನು ದೂರದಿಂದಲೇ ನೋಡಿ ತೊಡಕು ಬಿಡಿಸುವ ಸಾಧನವನ್ನೇ ವಂಚಕನೂ ಬಳಸುತ್ತಾನೆ. ಬ್ಯಾಂಕಿನವರೆಂದು ಹೇಳಿಕೊಂಡು ಕರೆಮಾಡಿ, ಒಂದು ಆ್ಯಪನ್ನು ಹಾಕಿಸಿ, ಅದರ ಅಂಕಿಗಳನ್ನು ಕೇಳಿ ಪಡೆದು ಖಾತೆಯನ್ನು ಬರಿದುಮಾಡುವ ಈ ಮೋಸದ ಕುರಿತು ರಿಸರ್ವ್ ಬ್ಯಾಂಕು 2019ರಲ್ಲಿಯೇ ಎಚ್ಚರಿಸಿತ್ತು. ಮನೆಯ ಹಿರಿಯರಿಗೆ ಒಂದೇ ನಿಯಮವನ್ನು ಕಲಿಸಿರಿ: ನೀವಾಗಿ ಕರೆಮಾಡಿ ಕರೆಸಿಕೊಂಡವರ ಹೊರತು ಯಾರಿಗೂ ಪರದೆಯನ್ನು ತೋರಬೇಡಿ. ಮೋಸಹೋದುದು ತಿಳಿದ ಕ್ಷಣವೇ ಸಂಕೋಚಪಡದೆ 1930ಕ್ಕೆ ಕರೆಮಾಡಿರಿ. ತಡವಾದಷ್ಟೂ ಹಣ ಕೈಜಾರುತ್ತದೆ.

ದೂರದಿಂದ ಯಂತ್ರವನ್ನು ನಡೆಸುವುದು ಇಂದು ಕಷ್ಟದ ವಿದ್ಯೆಯಲ್ಲ. ಆಸಕ್ತಿಯುಳ್ಳ ನಮ್ಮ ಯಾವ ಯುವಕ ಯುವತಿಯಾದರೂ ಕಲಿಯಬಹುದು. ಆದರೆ ಯಾರ ಯಂತ್ರದೊಳಗೆ ಯಾರು, ಯಾವಾಗ, ಏಕೆ ಪ್ರವೇಶಿಸಿದರು ಎಂಬುದನ್ನು ಬರೆದಿಡುವ, ಕೇಳಿದಾಗ ತೋರಿಸುವ ಪ್ರಾಮಾಣಿಕತೆಯನ್ನು ಯಾವ ತಂತ್ರಾಂಶವೂ ಕೊಡಲಾರದು. ಠೇವಣಿಯಿಟ್ಟ ಆ ವೃದ್ಧೆಗೆ ವಿಂಡೋಸೂ ತಿಳಿಯದು, ಲಿನಕ್ಸೂ ತಿಳಿಯದು. ಆಕೆ ನಂಬಿರುವುದು ನಮ್ಮನ್ನು.